ತೇವಕ್ಕೆ ವಜಾ

ಒದ್ದೆ ರಟ್ಟು ತಂದು ತೂಕಕ್ಕೆ ಹಾಕುವವರನ್ನು ಕಂಡರೆ ರದ್ದಿ ಅಂಗಡಿಯವನಿಗೆ ಮೈ ಉರಿಯುತ್ತಿತ್ತು. ಕಟ್ಟಿನ ಮೇಲೂ ಕೆಳಗೂ ನಾಲ್ಕು ಒಣ ಹಾಳೆ ಇಟ್ಟು, ನಡುವೆ ಒಂದು ತಂಬಿಗೆ ನೀರು ಚಿಮುಕಿಸಿ ತರುವ ಜಾಣರನ್ನು ಇಪ್ಪತ್ತೆಂಟು ವರ್ಷದಿಂದ ನೋಡಿದವನು ಅವನು. ಅಂಥವರ ಮೇಲೆ ಕೂಗಾಡುತ್ತಿರಲಿಲ್ಲ. ಕಟ್ಟಿನೊಳಗೆ ಮೊಣಕೈವರೆಗೆ ಕೈ ತೂರಿಸಿ ಹೊರಗೆಳೆದು, ಬೆರಳನ್ನು ಕೆನ್ನೆಗೆ ಒತ್ತಿ ನೋಡಿ, "ತೇವಕ್ಕೆ ಎರಡು ಕಿಲೋ ವಜಾ" ಎನ್ನುತ್ತಿದ್ದ. ಅಷ್ಟೇ. ತಂದವನು ತಲೆ ಕೆರೆದುಕೊಂಡು ಎರಡು ಕಿಲೋ ಕಳೆದುಕೊಳ್ಳಬೇಕು, ಇಲ್ಲವೇ ಕಟ್ಟನ್ನು ಮತ್ತೆ ತಲೆಯ ಮೇಲೆ ಹೊತ್ತು ನಡೆಯಬೇಕು. ನೀರೆಂದರೆ ಸುಳ್ಳು ತೂಕ, ಒಣಗಿದ್ದೇ ನಿಜ ತೂಕ. ಆ ಮನೆಯಲ್ಲಿ ಮಗ್ಗಿಗಿಂತ ಮೊದಲು ಕಲಿಯುವ ಪಾಠ ಅದು.

ಈ ವಿದ್ಯೆಯಲ್ಲಿ ಅವನಿಗಿಂತ ಒಂದು ಕೈ ಮೇಲು ಅವನ ಹೆಂಡತಿ. ತಕ್ಕಡಿಯ ಪಕ್ಕದ ಮರದ ಪೆಟ್ಟಿಗೆಯ ಮೇಲೆ ಕೂತರೆ ಅವಳಿಗೆ ಕಟ್ಟಿನೊಳಗೆ ಕೈ ಹಾಕುವುದೂ ಬೇಕಿರಲಿಲ್ಲ. ಗಾಡಿ ಬೀದಿಯ ತಿರುವಿನಲ್ಲಿರುವಾಗಲೇ ಮೂಗು ಅರಳಿಸಿ, "ಬಂತು ನೋಡ್ರಿ, ಈಗ ತಾನೇ ಸ್ನಾನ ಮುಗ್ಸಿದ ಸರಕು" ಎನ್ನುತ್ತಿದ್ದಳು. ಆದರೆ ಬೀದಿಯ ಜನ ಅವಳನ್ನು ಗುರುತಿಟ್ಟಿದ್ದು ಮೂಗಿನಿಂದಲ್ಲ, ಮೈಯಿಂದ. ಗಂಡನೇ ಇಟ್ಟ ಹೆಸರು 'ಅರ್ಧ ಟನ್ನು'. "ಎಲ್ಲಿ ಅರ್ಧ ಟನ್ನು, ಇವತ್ತು ಲೋಡ್ ಆಗಿ ಹೋಯ್ತಾ?" ಎಂದು ಲಾರಿಯವರೂ ಕೇಳುವರು. ಅವಳು ಎಲ್ಲರ ಜೊತೆ ನಗುವಳು. ನಗದಿದ್ದರೆ ಇನ್ನೊಂದು ಸಲ ಹೇಳುತ್ತಾರೆಂದು ಅವಳಿಗೆ ಗೊತ್ತಿತ್ತು.

ಮನೆ ಅಂಗಡಿಯ ಹಿಂದೆಯೇ. ಎರಡು ಕೋಣೆ, ಅಡುಗೆಮನೆ, ಆಮೇಲೆ ಸೂರಿನವರೆಗೆ ರಟ್ಟಿನ ಕಟ್ಟುಗಳು ಏರಿದ್ದ ಹಿತ್ತಿಲು. ಕಟ್ಟುಗಳ ನಡುವಿನ ಸಂದಿಯಲ್ಲಿ ಅಡ್ಡಡ್ಡ ನುಸುಳಿ ಹೋದರೆ ತುದಿಯಲ್ಲಿ ಕಕ್ಕಸು. ಆ ಮನೆಯಲ್ಲಿ ಇದ್ದವರು ನಾಲ್ಕು ಜನ. ರದ್ದಿ ಅಂಗಡಿಯವನು, ಅವನ ಹೆಂಡತಿ, ಅವನ ತಾಯಿ, ಮತ್ತು ಇಪ್ಪತ್ತಮೂರು ವರ್ಷದ ಒಬ್ಬಳೇ ಮಗಳು. ಮಗಳಿಗೆ ಪೇಟೆಯ ಚಪ್ಪಲಿ ಅಂಗಡಿಯಲ್ಲಿ ಕೆಲಸ. ಬೆಳಿಗ್ಗೆಯಿಂದ ಸಂಜೆಯವರೆಗೆ ಕುಕ್ಕರಗಾಲಲ್ಲಿ ಕೂತು ಕಂಡವರ ಕಾಲಿಗೆ ಚಪ್ಪಲಿ ತೊಡಿಸುವುದು, ತೆಗೆಯುವುದು. ಅಜ್ಜಿ ಅವಳನ್ನು 'ಕಡ್ಡಿ' ಎನ್ನುತ್ತಿದ್ದಳು. "ತಾಯಿ ಎಲ್ಲಾ ಬಳ್ಕೊಂಡ್ಲು, ಮಗಳಿಗೆ ತಪ್ಪಲೆ ತಳ ಕೂಡ ಉಳಿಸ್ಲಿಲ್ಲ" ಎಂಬುದು ಅಜ್ಜಿಯ ಹಳೆಯ ಚೇಷ್ಟೆ.

ಅಮ್ಮನ ಮಂಡಿ ಸವೆದಿತ್ತು, ಸಕ್ಕರೆ ಏರಿತ್ತು, ಮಲಗಿದರೆ ಉಸಿರು ನಡುನಡುವೆ ನಿಂತು ಹೋಗುತ್ತಿತ್ತು. ಅವಳ ತಮ್ಮ ಮುಂದೆ ನಿಂತು ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್ ಮಾಡಿಸಿದ. ಬಿಡುಗಡೆಯ ದಿನ ಆಸ್ಪತ್ರೆಯ ಪಥ್ಯದ ಮೇಡಂ ಗೆರೆ ಎಳೆದ ಒಂದು ಬಾಟಲಿ ಕೈಗಿಟ್ಟು ಹೇಳಿದಳು:

"ಹೊಟ್ಟೆ ಈಗ ಬಾಳೆಹಣ್ಣಿನಷ್ಟೇ ಇದೆ. ಗಟಗಟ ಕುಡಿಯೋ ಹಾಗಿಲ್ಲ. ಐದೈದು ನಿಮಿಷಕ್ಕೆ ಒಂದೊಂದೇ ಗುಟುಕು. ಊಟದ ಜೊತೆ ಬೇಡ, ಊಟಕ್ಕೆ ಅರ್ಧ ಗಂಟೆ ಮುಂಚೆ ನಿಲ್ಲಿಸಿ, ಆದ್ಮೇಲೆ ಅರ್ಧ ಗಂಟೆ ಬಿಟ್ಟು ಶುರು ಮಾಡಿ. ದಿನಕ್ಕೆ ಒಂದೂವರೆ ಲೀಟರ್ ಒಳಗೆ ಹೋಗ್ಲೇಬೇಕು. ಬಾಯಾರಿಕೆ ಆಗ್ಲಿ ಅಂತ ಕಾಯ್ಬೇಡಿ. ಒಂದು ಹೊತ್ತು ಊಟ ತಪ್ಪಿದ್ರೂ ನಡೆಯುತ್ತೆ, ನೀರು ತಪ್ಪಿದ್ರೆ ಕಿಡ್ನಿ ಕೈ ಕೊಡುತ್ತೆ."

"ಲೀಟರಿಗೆ ಒಂದು ಕಿಲೋ ಆಗುತ್ತಲ್ವಾ ಮೇಡಂ?" ಎಂದು ಅಪ್ಪ ಕೇಳಿದ.

ಮೇಡಂ ತಮಾಷೆಯೆಂದುಕೊಂಡು ನಕ್ಕಳು. ಅಪ್ಪ ನಗಲಿಲ್ಲ.

ಮೊದಲ ಮೂರು ವಾರ ಮಗಳು ರಜೆ ಹಾಕಿ ಮನೆಯಲ್ಲೇ ಇದ್ದಳು. ಬೇಯಿಸಿದ್ದನ್ನೆಲ್ಲ ಅರೆದು, ಸೋಸಿ, ಎರಡು ಚಮಚ ಉಣಿಸುವುದು, ಗಡಿಯಾರ ನೋಡುವುದು, ಬಾಟಲಿ ಕೊಡುವುದು. ಅಮ್ಮ ಒಂದು ಗುಟುಕನ್ನು ಬಾಯಲ್ಲಿಟ್ಟುಕೊಂಡು ಮಾತ್ರೆ ನುಂಗುವವಳ ಹಾಗೆ ಕಣ್ಣು ಮುಚ್ಚುವಳು.

"ನೀರು ಕುಡಿಯೋದೂ ಒಂದು ಕೆಲಸ ಆಯ್ತಲ್ಲೇ."

"ಸಂಬಳ ಇಲ್ಲದ ಕೆಲಸ. ಮಾಡು."

ಅಜ್ಜಿ ಬಾಗಿಲ ಹತ್ತಿರ ಕೂತು ನೋಡುವಳು. "ಕರುಗೆ ಬಾಟ್ಲಿ ಹಾಲು ಕುಡಿಸಿದ್ದು ನೋಡಿದ್ದೆ. ಎಮ್ಮೆಗೆ ಕುಡಿಸೋದು ಇದೇ ಮೊದ್ಲು."

ಅಮ್ಮ ತಕ್ಕಡಿಯ ಪಕ್ಕಕ್ಕೆ ಮರಳಿದ ದಿನವೇ ಪಂಥ ಬಿತ್ತು. ಪಕ್ಕದ ಗುಜರಿಯವನು ಕಬ್ಬಿಣದ ವ್ಯಾಪಾರಿ. ಕತ್ತರಿಸಿದ ಸರಳಿನ ಹಾಗೆ ಮಾತಾಡುವವನು. ಅವನು ಅಮ್ಮನನ್ನು ಮೇಲಿಂದ ಕೆಳಗೆ ನೋಡಿ ಅಪ್ಪನಿಗೆ ಹೇಳಿದ: "ಅಣ್ಣಾ, ಕುಯ್ಸಿದ್ರೂ ಅಷ್ಟೇ, ಹೊಲಿಸಿದ್ರೂ ಅಷ್ಟೇ. ಟೈರ್ ಬದಲಾಯಿಸಿದ್ರೆ ಲಾರಿ ಸೈಕಲ್ ಆಗುತ್ತಾ?"

"ಹನ್ನೆರಡು ಶನಿವಾರ ಕೊಡು. ತೊಂಬತ್ತೈದರ ಒಳಗೆ ಇಳಿಸ್ತೀನಿ."

"ಇಳೀದಿದ್ರೆ?"

"ಮೀಸೆ ಬೋಳಿಸ್ತೀನಿ. ಇಳಿದ್ರೆ ನೀನು ಬೋಳಿಸ್ಬೇಕು."

ಇಳಿಸ್ತೀನಿ ಎಂದ ಅಪ್ಪ, ಲೋಡು ಇಳಿಸುವ ಹಾಗೆ. ಇಳಿಯಬೇಕಾದವಳನ್ನು ಯಾರೂ ಕೇಳಲಿಲ್ಲ. ಶನಿವಾರ ಲಾರಿ ತುಂಬುವ ದಿನ, ಬೀದಿಯ ಗುಜರಿಯವರೆಲ್ಲ ಸೇರುವ ದಿನ. ಮಧ್ಯಾಹ್ನ ಹನ್ನೆರಡಕ್ಕೆ ರಟ್ಟಿನ ಕಟ್ಟು ಇಳಿಸಿ ಅದೇ ತಕ್ಕಡಿಯ ಮೇಲೆ ಅಮ್ಮನನ್ನು ನಿಲ್ಲಿಸಿದರು. ನೂರ ಹದಿನಾರು. ಮುಂದಿನ ಶನಿವಾರ ನೂರ ಹನ್ನೆರಡು. ಯಾರೋ ಚಪ್ಪಾಳೆ ತಟ್ಟಿದರು. ಅಪ್ಪ "ಭೇಷ್" ಎಂದು ಎಲ್ಲರೆದುರು ಅವಳ ಹೆಗಲ ಮೇಲೆ ಕೈ ಇಟ್ಟ. ಸಂಜೆ ಮಗಳು ಮನೆಗೆ ಬಂದಾಗ ಅಮ್ಮ ಕನ್ನಡಿಯ ಮುಂದೆ ನಿಂತು ಆ ಹೆಗಲನ್ನೇ ನೋಡಿಕೊಳ್ಳುತ್ತಿದ್ದಳು.

ಕೆಟ್ಟದ್ದು ಮೂರನೆಯ ಶನಿವಾರ. ಅಮ್ಮ ಅಂದು ನಿಯಮದಂತೆ ಗುಟುಕು ಗುಟುಕಾಗಿ ಬಾಟಲಿಯ ಮೂರು ಗೆರೆ ಇಳಿಸಿ ತಕ್ಕಡಿ ಹತ್ತಿದಳು. ಅಪ್ಪ ಲೆಕ್ಕ ಹಾಕಿದ್ದಕ್ಕಿಂತ ಮುಳ್ಳು ಮುಂದೆ ನಿಂತಿತು. ಅವನು ಅವಳ ಕೈಯ ಬಾಟಲಿ ನೋಡಿದ.

"ಎಷ್ಟು ಕುಡಿದೆ?"

"ಮೂರು ಗೆರೆ."

"ಆರ್ನೂರು ಗ್ರಾಂ. ಬರ್ಕೊಳ್ರಪ್ಪಾ, ತೇವಕ್ಕೆ ಆರ್ನೂರು ವಜಾ."

ಕಬ್ಬಿಣದವನು ತಲೆಯಾಡಿಸಿದ. "ವಜಾ ಗಿಜಾ ಇಲ್ಲ ಅಣ್ಣ. ತಕ್ಕಡಿ ಏನು ಹೇಳುತ್ತೋ ಅದೇ. ರಟ್ಟಿಗೆ ವಜಾ, ಹೆಂಡ್ತಿಗಿಲ್ಲ."

ಬೀದಿ ಗೊಳ್ಳೆಂದಿತು. ಅಪ್ಪನ ಮುಖ ಕೆಂಪಾಯಿತು. ಜೀವಮಾನವೆಲ್ಲ ಒದ್ದೆ ಸರಕು ಹಿಡಿದವನ ಮನೆಯಿಂದಲೇ ಒದ್ದೆ ಸರಕು ತಕ್ಕಡಿಗೆ ಬಂದಿತ್ತು. ಅಂದು ಊಟಕ್ಕೆ ಕೂತಾಗ ಅವನು ಹೆಂಡತಿಯ ಮುಖ ನೋಡದೆ ಹೇಳಿದ: "ಶನಿವಾರ ತೂಕ ಆಗೋವರೆಗೂ ಬಾಟ್ಲಿ ಮುಟ್ಬೇಡ. ಆಮೇಲೆ ಕುಡಿ, ಯಾರು ಬೇಡ ಅಂತಾರೆ."

"ಅರ್ಧ ದಿನ ಅಪ್ಪ! ಡಾಕ್ಟ್ರು ಏನು ಹೇಳಿದ್ರು?" ಎಂದಳು ಮಗಳು.

"ಅರ್ಧ ದಿನಕ್ಕೆ ಯಾರೂ ಸಾಯಲ್ಲ."

ಅರ್ಧ ದಿನ ಒಂದು ದಿನವಾಯಿತು. ಶುಕ್ರವಾರ ಮಧ್ಯಾಹ್ನದಿಂದಲೇ ಬಾಟಲಿ ಅಟ್ಟದ ಮೇಲೆ ಏರತೊಡಗಿತು.

ಮಗಳು ಕೆಲಸಕ್ಕೆ ಮರಳಿದ್ದಳು. ಗಂಟೆಗೊಮ್ಮೆ, ಗಿರಾಕಿಗೆ ಇನ್ನೊಂದು ಅಳತೆ ತರುವ ನೆವದಲ್ಲಿ ಡಬ್ಬಿಗಳ ಹಿಂದೆ ನಿಂತು ಮನೆಗೆ ಫೋನ್ ಮಾಡುವಳು. ಎತ್ತುವವಳು ಅಜ್ಜಿ.

"ಅಮ್ಮ ನೀರು ಕುಡಿದ್ಲಾ?"

"ಕುಡಿದ್ಲು, ಕುಡಿದ್ಲು. ಕುಡಿಯೋದು, ಓಡೋದು. ಕುಡಿಯೋದು, ಓಡೋದು. ಅವಳು ಆ ಸಂದೀಲಿ ತೂರಿ ಹೋಗಿ ಬರೋ ಹೊತ್ತಿಗೆ ತಕ್ಕಡಿ ಹತ್ರ ಮೂರು ಗಾಡಿ ನಿಂತಿರುತ್ತೆ. ಕಟ್ಟು ಎತ್ತೋಳು ಯಾರು? ನಾನು. ಎಪ್ಪತ್ತೆರಡು ನಂಗೆ."

"ಒಂದೆರಡು ಕಟ್ಟು ಎತ್ತಿದ್ರೆ ಏನಾಯ್ತಜ್ಜಿ?"

"ನಿನ್ನ ಸೊಂಟಾನ ಒಂದು ದಿನ ಸಾಲ ಕೊಡೇ ಕಡ್ಡಿ, ಆಗ ಹೇಳ್ತೀನಿ ಏನಾಯ್ತು ಅಂತ."

ಅಜ್ಜಿಯ ಸೊಂಟ ನಿಜವಾಗಿಯೂ ನೋಯುತ್ತಿತ್ತು. ಅದೇ ತೊಂದರೆ. ಸುಳ್ಳು ಹೇಳುವವರನ್ನು ಬೈಯಬಹುದು. ನೋವಿರುವವರು ಕಾಟ ಕೊಟ್ಟರೆ ಬಾಯಿ ಕಟ್ಟುತ್ತದೆ. ಅಮ್ಮ ಕಕ್ಕಸಿಗೆ ಎದ್ದಾಗಲೆಲ್ಲ ಅಜ್ಜಿ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ "ಹೊರಡ್ತು ತೇರು" ಎನ್ನುವಳು. ಕಟ್ಟು ಕಟ್ಟಲು ಬಂದವರು ನಗುವರು. ಒಂದು ವಾರದಲ್ಲಿ ಅಮ್ಮ ದಿನಕ್ಕೆ ಎರಡೇ ಸಲ ಏಳುವುದನ್ನು ಕಲಿತಳು.

ಆದರೂ ಸಂಜೆ ಮಗಳು ಬರುವಷ್ಟರಲ್ಲಿ ಬಾಟಲಿ ಖಾಲಿಯಾಗಿರುತ್ತಿತ್ತು. ಕೊನೆಯ ಗೆರೆಯವರೆಗೂ ಖಾಲಿ. ಮಗಳಿಗೆ ಸಮಾಧಾನ. ವಾರಕ್ಕೆ ಒಂದು ದಿನ ತಪ್ಪಿದರೆ ತಪ್ಪಲಿ, ಉಳಿದ ಆರು ದಿನ ಹೋಗುತ್ತಿದೆಯಲ್ಲ ಎಂದುಕೊಂಡಳು.

ಏಳನೆಯ ಶನಿವಾರ ನೂರ ಮೂರೂವರೆ. ಎಂಟನೆಯದೂ ನೂರ ಮೂರೂವರೆ. ಮುಳ್ಳು ಹಟ ಹಿಡಿದ ಎತ್ತಿನ ಹಾಗೆ ನಿಂತುಬಿಟ್ಟಿತು. ಕಬ್ಬಿಣದವನು ಅಂಗಡಿಯ ಮುಂದೆ ಹಾದು ಹೋಗುವಾಗಲೆಲ್ಲ ಅಪ್ಪನ ಮೀಸೆಯನ್ನು ನೋಡಿ, ಬೆರಳಲ್ಲಿ ಗಾಳಿಯಲ್ಲೇ ಕ್ಷೌರ ಮಾಡಿ ತೋರಿಸುವನು. ಅಪ್ಪ ಮನೆಯೊಳಗೆ ತಟ್ಟೆ ನೋಡತೊಡಗಿದ.

"ಇದೇನು, ಎರಡು ಮೊಟ್ಟೆನಾ?"

"ಒಂದೇ. ಎರಡು ಮಾಡಿ ಹೆಚ್ಚಿದೀನಿ" ಎಂದಳು ಅಮ್ಮ.

"ಅರ್ಧ ಸಾಕು."

"ಮೊಟ್ಟೆ ತಿನ್ಲೇಬೇಕು ಅಂದಿದಾರೆ ಅಪ್ಪ. ತೂಕ ನಡುವೆ ಹೀಗೆ ನಿಲ್ಲುತ್ತೆ, ಆಮೇಲೆ ತಾನೇ ಇಳಿಯುತ್ತೆ. ಅದನ್ನೂ ಅಂದಿದಾರೆ."

"ನಿಂಗೆ ಮೀಸೆ ಇದೆಯಾ? ಇಲ್ವಲ್ಲ. ಸುಮ್ನೆ ಉಣ್ಣು."

ಅಮ್ಮನ ಹಳೆಯ ಚಪ್ಪಲಿ ಕಾಲಿನಿಂದ ಜಾರತೊಡಗಿತ್ತು. ಮಗಳು ತನ್ನ ಅಂಗಡಿಯಿಂದ ಒಂದು ಅಳತೆ ಕಡಿಮೆಯ ಜೊತೆ ತಂದಳು. ಭಾನುವಾರ ಬೆಳಿಗ್ಗೆ ಅಮ್ಮನನ್ನು ಮಂಚದ ಮೇಲೆ ಕೂರಿಸಿ, ಎಂದಿನ ಅಭ್ಯಾಸದಂತೆ ಕುಕ್ಕರಗಾಲಲ್ಲಿ ಕೂತು ಪಾದವನ್ನು ಅಂಗೈಗೆ ತೆಗೆದುಕೊಂಡಳು. ದಿನಕ್ಕೆ ಐವತ್ತು ಪಾದ ಹಿಡಿಯುವ ಕೈ ಅದು. ದಪ್ಪ, ಸಣ್ಣ, ಬೆವರಿದ್ದು, ಬಾತಿದ್ದು ಎಲ್ಲ ಗೊತ್ತು. ಈ ಪಾದ ಅವಳಿಗೆ ಗೊತ್ತಿರಲಿಲ್ಲ. ಹಿಮ್ಮಡಿ ಸೀಳಿ ಒಳಗಿನ ಕೆಂಪು ಕಾಣುತ್ತಿತ್ತು. ಪಾದದ ಮೇಲಿನ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಬಿಟ್ಟಳು. ಅದು ಇಳಿಯಲಿಲ್ಲ. ಮಡಿಸಿಟ್ಟ ಬಟ್ಟೆಯ ಗೆರೆಯ ಹಾಗೆ ನಿಂತೇ ಇತ್ತು.

"ಅಮ್ಮ. ಬಾಟ್ಲಿ ನೀರು ಎಲ್ಲಿಗೆ ಹೋಗ್ತಿದೆ?"

ಅಮ್ಮ ಕಿಟಕಿ ನೋಡಿದಳು. "ಬಚ್ಚಲಿಗೆ."

"ಎಷ್ಟು ದಿನದಿಂದ?"

"ಯಾಕೆ ಪೊಲೀಸ್ ಥರ ಕೇಳ್ತೀಯ? ಕುಡಿದ್ರೆ ವಾಕರಿಕೆ ಬರುತ್ತೆ. ಕುಡೀದಿದ್ರೆ ಹಗುರ ಇರುತ್ತೆ. ಮಂಗಳವಾರ ಕುಡಿದಿದ್ದು ಶನಿವಾರಕ್ಕೂ ಮೈಯಲ್ಲಿ ಕೂತಿರಲ್ವಾ?"

"ಮೈ ರಟ್ಟಲ್ಲಮ್ಮ ಅದು ಕೂತಿರೋಕೆ! ಕುಡೀದೇ ಇದ್ದಿದ್ದಕ್ಕೇ ವಾಕರಿಕೆ. ಹೇಳಿದ್ರಲ್ಲ ಮೇಡಂ. ಒಂದಕ್ಕೆ ಹೋದ್ರೆ ಯಾವ ಬಣ್ಣ ಬರ್ತಿದೆ?"

"ಥೂ. ಚಹಾ ಬಣ್ಣ. ಸಾಕಾ?"

ಮಗಳು ಬಾಟಲಿ ತುಂಬಿ ತಂದು ಮುಂದಿಟ್ಟಳು. ಅಮ್ಮ ಮುಟ್ಟಲಿಲ್ಲ. ಹೊಸ ಚಪ್ಪಲಿಯನ್ನು ಮಾತ್ರ ತೊಟ್ಟು ಕಾಲು ಚಾಚಿ ನೋಡಿಕೊಂಡಳು.

"ನಿಂಗೆ ಗೊತ್ತಾಗಲ್ವೇ. ನೀನು ಹುಟ್ಟಿದಾಗಿಂದ ಕಡ್ಡಿ. ಇಪ್ಪತ್ತೈದು ವರ್ಷ ಆ ಪೆಟ್ಟಿಗೆ ಮೇಲೆ ಕೂತು ನಗಿಸ್ಕೊಂಡಿದೀನಿ. ಈಗ ಅದೇ ಬಾಯಿಗಳು ನಾನು ತಕ್ಕಡಿ ಹತ್ತಿದ್ರೆ ಉಸಿರು ಹಿಡ್ಕೊಂಡು ನಿಲ್ತವೆ. ನಿಮ್ಮಪ್ಪ ನಿನ್ನೆ 'ಏನ್ರೀ' ಅಂದ್ರು ನಂಗೆ. ತಮಾಷೆಗಲ್ಲ. ನಿಜವಾಗಿ."

ಅಂದು ಮಧ್ಯಾಹ್ನದ ಊಟದ ಹೊತ್ತಿಗೆ ಮಗಳು ತಟ್ಟೆ ಸರಿಸಿ ಎಲ್ಲರೆದುರೂ ಹೇಳಿಬಿಟ್ಟಳು. ಅಮ್ಮ ನೀರು ಚೆಲ್ಲುತ್ತಿದ್ದಾಳೆ, ಚರ್ಮ ಒಣಗಿದೆ, ನಾಳೆಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

"ನಾಳೆ ಕಾಗದದ ಮಿಲ್ಲಿನವರು ಬರ್ತಾರೆ" ಎಂದ ಅಪ್ಪ.

"ಬರ್ಲಿ. ಅಮ್ಮ ಇಲ್ಲದಿದ್ರೆ ಮಿಲ್ಲು ನಿಲ್ಲುತ್ತಾ?"

"ಡಾಕ್ಟ್ರು ಅವಳನ್ನ ಎರಡು ಸಲ ನೋಡಿದಾರೆ. ನಾನು ಇಪ್ಪತ್ತೈದು ವರ್ಷದಿಂದ ನೋಡ್ತಿದೀನಿ. ಅವಳಿಗೇನೂ ಆಗಲ್ಲ. ಒಂಟೆ ಜಾತಿ."

"ಅಮ್ಮ ರಟ್ಟಲ್ಲ ಅಪ್ಪ."

"ಗೊತ್ತು ಬಿಡು. ರಟ್ಟಾಗಿದ್ರೆ ಯಾವತ್ತೋ ಮಾರ್ತಿದ್ದೆ."

ಅಜ್ಜಿ ನಕ್ಕಳು. ಅಪ್ಪ ತನ್ನ ಮಾತಿಗೆ ತಾನೇ ನಕ್ಕ. ಮಗಳು ಅಮ್ಮನ ಕಡೆ ತಿರುಗಿದಳು. ಬಿರಿದ ತುಟಿಯನ್ನು ಸೆರಗಿನಲ್ಲಿ ಒತ್ತಿ ಹಿಡಿದು ಅಮ್ಮನೂ ನಗುತ್ತಿದ್ದಳು.

ಮಗಳು ಸುಮ್ಮನಿರಲಿಲ್ಲ. ಡಬ್ಬಿಗಳ ಹಿಂದಿನಿಂದ ಪಥ್ಯದ ಮೇಡಂಗೆ ಫೋನ್ ಮಾಡಿದಳು. "ಇವತ್ತೇ ಕರ್ಕೊಂಡು ಬನ್ನಿ, ರಕ್ತ ಪರೀಕ್ಷೆ ಮಾಡ್ಬೇಕು" ಎಂದಿತು ಆ ಕಡೆಯ ದನಿ. ಅಮ್ಮ ಬರಲಿಲ್ಲ. ಅಡುಗೆಮನೆಯ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟಳು. ಹೋದರೆ ಡ್ರಿಪ್ ಹಾಕುತ್ತಾರೆ, ಡ್ರಿಪ್ ಹಾಕಿದರೆ ಎರಡು ಕಿಲೋ ಏರುತ್ತದೆ, ಹನ್ನೆರಡನೆಯ ಶನಿವಾರ ಆಗಿಬಿಡಲಿ ಎಂಬುದು ಅವಳ ಒಂದೇ ವಾದ. ಒಂಬತ್ತು, ಹತ್ತು, ಹನ್ನೊಂದು. ತಟ್ಟೆಯಲ್ಲಿ ಅರ್ಧ ಮೊಟ್ಟೆ ಕಾಲಾಯಿತು. ಬಾಟಲಿ ಗುರುವಾರದಿಂದಲೇ ಅಟ್ಟ ಹತ್ತಿತು. ಮುಳ್ಳು ಹಟ ಬಿಟ್ಟು ಇಳಿಯತೊಡಗಿತು. ನೂರ ಒಂದು, ತೊಂಬತ್ತೊಂಬತ್ತು, ತೊಂಬತ್ತೇಳು. ಅಪ್ಪ ದಿನಕ್ಕೆರಡು ಸಲ ಮೀಸೆಗೆ ಎಣ್ಣೆ ಹಚ್ಚಿದ.

ಹನ್ನೊಂದನೆಯ ಶನಿವಾರ ಕಳೆದ ಮಂಗಳವಾರ ಮಗಳು ಕೆಲಸಕ್ಕೆ ಹೊರಡುವಾಗ ಅಮ್ಮ ಎದ್ದು ನಿಲ್ಲಲು ಹೋಗಿ ಗೋಡೆ ಹಿಡಿದಳು. ಮಗಳು ಲೋಟ ತಂದಳು. ಅಮ್ಮ ಅದನ್ನು ಕೈಯಿಂದ ಸರಿಸಿದ ರಭಸಕ್ಕೆ ನೀರು ಮಗಳ ಮೈಮೇಲೆಲ್ಲ ಚೆಲ್ಲಿತು. ಇಸ್ತ್ರಿ ಮಾಡಿ ಹಾಕಿಕೊಂಡಿದ್ದ ಅಂಗಡಿಯ ಸಮವಸ್ತ್ರ ಒದ್ದೆಯಾಯಿತು.

"ನಿನ್ನ ಕಾಟ ಸಾಕಾಯ್ತು ಕಣೇ. ಅವರಿಗಿಂತ ನಿಂದೇ ಜಾಸ್ತಿ" ಎಂದಳು ಅಮ್ಮ.

"ಹಾಗಾದ್ರೆ ಒಣಗಿ ಸಾಯಿ. ಒಣಗಿದ್ರೆ ನಿಂಗೆ ರೇಟ್ ಜಾಸ್ತಿ ಸಿಗುತ್ತೆ."

ಬಾಯಿಂದ ಬಂದ ಮೇಲೆ ಮಾತಿನ ಬಾಲ ಹಿಡಿಯಲು ಯಾರಿಗೂ ಆಗುವುದಿಲ್ಲ. ಮಗಳು ಒದ್ದೆ ಬಟ್ಟೆಯಲ್ಲೇ ಹೊರಟಳು. ಆ ದಿನ ಫೋನ್ ಮಾಡಲಿಲ್ಲ. ಮರುದಿನವೂ ಮಾಡಲಿಲ್ಲ. ಸಂಜೆ ಬಂದು ಉಂಡು ಮಗ್ಗುಲು ಬದಲಿಸಿ ಮಲಗಿದಳು. ಅಮ್ಮ ಒಂದೆರಡು ಸಲ ಅವಳ ಕಡೆ ನೋಡಿದ್ದು ಗೊತ್ತಾಯಿತು. ನೋಡಲಿ, ತಾನೇ ಬರಲಿ ಎಂದು ಗೋಡೆಯ ಕಡೆ ಮುಖ ಮಾಡಿದಳು. ಹನ್ನೆರಡನೆಯ ಶನಿವಾರ ಬಂತು.

ಅವಳು ಒಬ್ಬ ದಪ್ಪ ಗಂಡಸಿನ ಕಾಲಿಗೆ ಬೂಟು ಏರಿಸುತ್ತಿದ್ದಾಗ ಫೋನ್ ಬಂತು. ಹೆಗಲಿಗೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡಳು. ಅಪ್ಪ ಅರಚುತ್ತಿದ್ದ.

"ತೊಂಬತ್ನಾಲ್ಕು ಆರ್ನೂರು! ಕೇಳಿಸ್ತಾ? ತೊಂಬತ್ನಾಲ್ಕು ಆರ್ನೂರು! ಕಬ್ಬಿಣದವನನ್ನ ಪೆಟ್ಟಿಗೆ ಮೇಲೆ ಕೂರ್ಸಿದೀವಿ. ನೊರೆ ಹಚ್ತಾ ಇದಾರೆ. ಕೇಳು, ಕೇಳು!"

ಹಿಂದೆ ಶಿಳ್ಳೆ, ಕೇಕೆ. ಯಾರೋ "ಅರ್ಧ ಟನ್ನಮ್ಮಂಗೆ ಜೈ" ಎನ್ನುತ್ತಿದ್ದರು.

"ಅಮ್ಮಂಗೆ ಕೊಡಪ್ಪ."

"ಹಿಂದುಗಡೆ ಹೋದ್ಲು. ಸುಸ್ತಂತೆ."

"ನೀರು ಕುಡಿದ್ಲಾ?"

"ಇನ್ಮೇಲೆ ಕೆರೇನೇ ಕುಡೀಲಿ ಬಿಡು!"

ಫೋನ್ ಇಟ್ಟಮೇಲೆ ಅವಳು ಆ ಗಿರಾಕಿಯ ಇನ್ನೊಂದು ಕಾಲಿಗೂ ಬೂಟು ಹಾಕಿದಳು. ಲೇಸು ಕಟ್ಟಿದಳು. ಅವನು ನಡೆದು ನೋಡಿ, ಬೆರಳಿಗೆ ಒತ್ತುತ್ತದೆ ಎಂದ, ಬೇರೆ ತಂದಳು. ಆಮೇಲೆ ಒಬ್ಬಳು ಹೆಂಗಸು, ಆಮೇಲೆ ಇನ್ನೊಬ್ಬಳು. ಮಂಗಳವಾರದ ಸಿಟ್ಟು ಇನ್ನೂ ಒಂದು ಚೂರು ಉಳಿದಿತ್ತು. ಅದು ಕರಗುವಷ್ಟರಲ್ಲಿ ಎರಡು ಗಂಟೆ. ತಲೆನೋವೆಂದು ಹೇಳಿ ಹೊರಟಳು.

ಅಂಗಡಿಯ ಮುಂದೆ ನೊರೆಯೂ ಕೂದಲೂ ಬಿದ್ದಿತ್ತು. ಬೋಳು ತುಟಿಯ ಕಬ್ಬಿಣದವನು ಚಹಾ ಹೀರುತ್ತಿದ್ದ. ಮೀಸೆ ಇಲ್ಲದೆ ಅವನು ಯಾರದೋ ಚಿಕ್ಕಮ್ಮನ ಹಾಗೆ ಕಾಣುತ್ತಿದ್ದ. ಎಲ್ಲರೂ ಅವನನ್ನು ನೋಡಿ ನಗುತ್ತಿದ್ದರು. ಮಗಳು ಅವರ ನಡುವೆಯೇ ದಾರಿ ಮಾಡಿಕೊಂಡು ಹಿತ್ತಿಲಿಗೆ ಹೋದಳು.

ಅಮ್ಮ ಕಕ್ಕಸಿನವರೆಗೆ ಹೋಗಿರಲಿಲ್ಲ. ಸಂದಿಯ ನಡುವೆ, ಎರಡೂ ಕಡೆಯ ಕಟ್ಟುಗಳಿಗೆ ಮೈ ಆನಿಸಿ ಕೂತಿದ್ದಳು. ಹಿಂದಾಗಿದ್ದರೆ ಅಲ್ಲಿ ಕೂರುವಷ್ಟು ಜಾಗ ಅವಳಿಗೆ ಇರುತ್ತಿರಲಿಲ್ಲ. ತುಟಿಯ ಮೇಲೆ ಬಿಳಿಯ ಹೊಪ್ಪಳೆ. ಕಣ್ಣು ಗುಳಿಬಿದ್ದಿತ್ತು.

"ಅಮ್ಮ!"

"ಚಪ್ಪಾಳೆ..." ನಾಲಿಗೆ ಅಂಗುಳಿಗೆ ಅಂಟಿ ಮಾತು ಹೊರಳಲಿಲ್ಲ. "ನೀನು ಇರ್ಬೇಕಿತ್ತು."

ಒಂದು ಗುಟುಕು ಕುಡಿಸಿದಳು. ಅದು ಹಾಗೆಯೇ ವಾಪಸು ಬಂತು. ಇನ್ನೊಂದು. ಅದೂ ಬಂತು. ಆಮೇಲೆ ಮಗಳು ಕಿರುಚಿದಳು. ಸಾಮಾನಿನ ಗಾಡಿಯಲ್ಲಿ ರಟ್ಟು ಹಾಸಿ ಅಮ್ಮನನ್ನು ಮಲಗಿಸಿಕೊಂಡು ಹೋದರು. ಎತ್ತಿ ಮಲಗಿಸಲು ಇಬ್ಬರೇ ಸಾಕಾದರು.

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದು ಒಂದೇ ಪ್ರಶ್ನೆ. "ಸರಿಯಾಗಿ ಮೂತ್ರಕ್ಕೆ ಹೋಗಿ ಎಷ್ಟು ದಿನ ಆಯ್ತು?"

ಅಪ್ಪ ಮಗಳ ಮುಖ ನೋಡಿದ. ಮಗಳು ಅಜ್ಜಿಯ ಮುಖ ನೋಡಿದಳು.

"ಗುರುವಾರದಿಂದ ನಂಗೇನೂ ತೊಂದ್ರೆ ಕೊಟ್ಟಿಲ್ಲ" ಎಂದಳು ಅಜ್ಜಿ.

ಡ್ರಿಪ್ ಹಾಕಿದರು. ಒಂದು ದಿನ, ಎರಡು ದಿನ ನೀರು ಹತ್ತಿಸಿದರು. ಒಳಗೆ ಹೋಗಿದ್ದು ಹೊರಗೆ ಬರಲಿಲ್ಲ. ಒಣಗಿದ್ದ ಪಾದ ಬಾತಿತು, ಮುಖ ಬಾತಿತು, ಉಸಿರು ಗೊರಗುಟ್ಟಿತು. ತುಂಬಾ ದಿನ ಒಣಗಿಸಿ ಆಮೇಲೆ ಕರ್ಕೊಂಡು ಬಂದಿದೀರ, ಕಿಡ್ನಿ ಎರಡೂ ನಿಂತಿವೆ, ಮತ್ತೆ ಏಳಬಹುದು, ಏಳದೆಯೂ ಇರಬಹುದು ಎಂದರು ಡಾಕ್ಟರು. ದಿನ ಬಿಟ್ಟು ದಿನ ಡಯಾಲಿಸಿಸ್ ಶುರುವಾಯಿತು. ಮೈಯೊಳಗೆ ಹೋದ ನೀರಿಗೆ ಹೊರಗೆ ದಾರಿಯಿಲ್ಲವಾದ್ದರಿಂದ ಇನ್ನು ಮುಂದೆ ಇಡೀ ದಿನಕ್ಕೆ ನಾನೂರು ಮಿಲಿ ಮಾತ್ರ. ಮಾತ್ರೆಗೂ ಅದರಲ್ಲೇ, ಗಂಜಿಗೂ ಅದರಲ್ಲೇ. ಹೆಚ್ಚಾದರೆ ಶ್ವಾಸಕೋಶಕ್ಕೆ ನುಗ್ಗುತ್ತದೆ. ನರ್ಸು ಅಳತೆಯ ಲೋಟವನ್ನು ಮಗಳ ಕೈಗೆ ಕೊಟ್ಟು, "ನೀವೇ ಜವಾಬ್ದಾರಿ. ಅತ್ರೂ ಕೊಡ್ಬೇಡಿ" ಎಂದಳು.

ಮಗಳು ಕೆಲಸ ಬಿಟ್ಟಳು.

ಅಮ್ಮನಿಗೆ ಈಗ ಬಾಯಾರಿಕೆ ಬಂತು. ಆಪರೇಷನ್ ಆದಂದಿನಿಂದ ಬಾರದಿದ್ದ ಬಾಯಾರಿಕೆ ಎಲ್ಲ ಒಟ್ಟಿಗೇ ಬಂದ ಹಾಗೆ. ನೆಲ ಒರೆಸುವವಳ ಬಕೆಟ್ಟಿನ ಸದ್ದಿಗೆ ತಲೆ ಎತ್ತುವಳು. ಗೋಡೆಯಾಚೆ ನಲ್ಲಿ ಬಿಟ್ಟರೆ ಕಣ್ಣು ಅರಳುವುದು. ಎರಡನೆಯ ವಾರ ಅಪ್ಪ ಬಂದ. ಮೀಸೆ ಇತ್ತು, ಎಣ್ಣೆ ಇರಲಿಲ್ಲ. ಕಂಕುಳಲ್ಲಿ ದೊಡ್ಡದೊಂದು ನೀರಿನ ಕ್ಯಾನು. ಕಾಯಿಸಿ ಆರಿಸಿ ತಾನೇ ಸೋಸಿದ್ದಂತೆ.

"ತಗೊಳ್ರೀ, ಕುಡೀರಿ" ಎಂದ ಹೆಂಡತಿಗೆ.

"ಅಪ್ಪ, ಹೊರಗಿಡು ಅದನ್ನ" ಎಂದಳು ಮಗಳು.

"ಒಂದು ಲೋಟಾನಾದ್ರೂ..."

"ಇವತ್ತಿಂದು ಮುಗೀತು. ಬೆಳಿಗ್ಗೆ ಮಾತ್ರೆಗೆ ನೂರು, ಗಂಜಿಗೆ ಇನ್ನೂರು, ಮಧ್ಯಾಹ್ನ ನೂರು."

"ಬಾಯಿ ಒಣಗಿ ಸಾಯ್ತಾ ಇದಾಳೆ, ನೀರಿಗೂ ಲೆಕ್ಕ ಹಾಕ್ತೀಯಲ್ಲೇ" ಎಂದಳು ಹಿಂದೆಯೇ ಬಂದಿದ್ದ ಅಜ್ಜಿ. ಅವಳ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ನಿನ್ನ ಹೊಟ್ಟೇಲಿ ಕರುಳಿಲ್ವಾ? ಕೊಡೇ, ಪಾಪ."

ಮಗಳು ಕ್ಯಾನನ್ನು ಎತ್ತಿಕೊಂಡು ಹೋಗಿ ಪಡಸಾಲೆಯಲ್ಲಿಟ್ಟು ಬಂದಳು. ಅಪ್ಪನೂ ಅಜ್ಜಿಯೂ ಹೋದರು. ಹೋಗುವಾಗ ಅಜ್ಜಿ ಪಕ್ಕದ ಹಾಸಿಗೆಯವರಿಗೆ, "ಹೆತ್ತ ತಾಯಿಗೆ ಒಂದು ಹನಿ ಬಿಡಲ್ಲ ನೋಡ್ರಮ್ಮ" ಎಂದದ್ದು ಕೇಳಿಸಿತು.

"ಒಂದು ಗುಟುಕು" ಎಂದಳು ಅಮ್ಮ.

"ಆಯ್ತಲ್ಲಮ್ಮ ಇವತ್ತಿಂದು."

"ಅರ್ಧ ಗುಟುಕು. ನುಂಗಲ್ಲ. ಬಾಯಲ್ಲಿಟ್ಕೊಂಡು ಉಗೀತೀನಿ."

"ನಿನ್ನೆಯೂ ಹಾಗೇ ಅಂದೆ. ನುಂಗಿದೆ."

"ನೀನೇ ಅಲ್ವಾ, ಕುಡಿ ಕುಡಿ ಅಂತ ಪ್ರಾಣ ತಿಂದೋಳು?"

ಮಗಳು ಹತ್ತಿಯ ಉಂಡೆಯನ್ನು ಒದ್ದೆ ಮಾಡಿ, ಹಿಂಡಿ, ತುಟಿಗೆ ಒರೆಸಿದಳು. ಅಮ್ಮ ಥಟ್ಟನೆ ಹಲ್ಲಿನಲ್ಲಿ ಹತ್ತಿಯನ್ನು ಕಚ್ಚಿ ಹಿಡಿದು ಚೀಪಿದಳು. ಮಗಳು ದವಡೆ ಒತ್ತಿ ಬಾಯಿ ಬಿಡಿಸಿ ಅದನ್ನು ಹೊರಗೆಳೆದಳು. ಬೆರಳಿಗೆ ಹಲ್ಲು ತಾಗಿ ರಕ್ತ ಬಂತು.

"ಕೊಡಲ್ವಾ?"

"ಇಲ್ಲ."

"ನೀನು ಎಳೆಕೂಸಾಗಿದ್ದಾಗ ಎಷ್ಟು ಸಲ ಅತ್ತೆ, ಒಂದು ಸಲಾನಾದ್ರೂ ಇಲ್ಲ ಅಂದಿದ್ನೇನೇ ನಾನು?"

ಅಷ್ಟರಲ್ಲಿ ಪಕ್ಕದ ಹಾಸಿಗೆಯ ರೋಗಿಯ ಮಗ ಬಿಸಿಲಿನಿಂದ ಬಂದು ನಿಂತಲ್ಲೇ ಒಂದು ಬಾಟಲಿ ನೀರನ್ನು ಎತ್ತಿ ಗಂಟಲಿಗೆ ಸುರಿದುಕೊಳ್ಳತೊಡಗಿದ. ಗಟಗಟ ಸದ್ದು. ಗದ್ದದಿಂದ ಇಳಿದ ನೀರು ಅಂಗಿ ತೋಯಿಸಿ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅಮ್ಮ ಮೊಣಕೈ ಊರಿ ಅರ್ಧ ಎದ್ದಳು. ಅವನ ಗಂಟಲಮಣಿ ಮೇಲೆ ಹೋದರೆ ಅವಳ ಕಣ್ಣು ಮೇಲೆ, ಕೆಳಗೆ ಬಂದರೆ ಕೆಳಗೆ.

ಮಗಳು ಎದ್ದು ಹಾಸಿಗೆಗಳ ನಡುವಿನ ಪರದೆ ಎಳೆದಳು.